ಗೊರಕೆಗೆ ಬ್ಲಡ್ ಟೆಸ್ಟ್ ಇಲ್ವಾ ಸಾರ್?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ವಾಕಿಂಗ್ ಮುಗಿಸಿ, ಮಸಾಲೆ ದೋಸೆಯನ್ನೂ ಮುಂದಕ್ಕೆ ಹಾಕಿ ಬಂದು ಕೂತಿದ್ದೀರಿ. ನಡುವೆ ಯಾರಾದರೂ ತೂಕಡಿಸಿದರೆ ನನಗೇನೂ ಬೇಜಾರಿಲ್ಲ, ಇವತ್ತಿನ ವಿಷಯವೇ ಅದು.

ನಾನು ರಕ್ತ ಪರೀಕ್ಷೆ ಮಾಡುವ ಲ್ಯಾಬಿನವನು. "ಗೊರಕೆಗೆ ಒಂದು ಬ್ಲಡ್ ಟೆಸ್ಟ್ ಇಲ್ವಾ ಸಾರ್?" ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಇಲ್ಲ. ಯಾಕಿಲ್ಲ ಅಂತ ಹೇಳೋಕೆ ಬಂದಿದ್ದೇನೆ.

ಮೊದಲು ನನ್ನದೇ ಕಥೆ. ಒಂದು ರಾತ್ರಿ ನನ್ನ ಹೆಂಡತಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲೇ ಕೂತಿದ್ದಳಂತೆ. ಗೊರಕೆ ಏರುತ್ತಾ ಏರುತ್ತಾ ಹೋಗಿ ತಟ್ಟನೆ ನಿಂತಿತು. ಎದೆ, ಹೊಟ್ಟೆ ಎಳೆದಾಡುತ್ತಿವೆ, ಮೂಗಿನಲ್ಲಿ ಮಾತ್ರ ಗಾಳಿಯಿಲ್ಲ. 22 ಸೆಕೆಂಡ್! ಆಮೇಲೆ ನೀರಿನಿಂದ ಎದ್ದವನ ಹಾಗೆ ಉಸಿರೆಳೆದು ಮಗ್ಗುಲು ಬದಲಿಸಿದೆನಂತೆ. ಬೆಳಿಗ್ಗೆ ನಾನು "ಒಳ್ಳೆ ನಿದ್ದೆ" ಅಂದೆ. ಅವಳು ಸುಮ್ನೆ ಮೊಬೈಲ್ ತೋರಿಸಿದಳು.

ಕೆಲವರಿಗೆ ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು 10 ಸೆಕೆಂಡಾದರೂ ನಿಂತರೆ ಅದಕ್ಕೆ ಆಪ್ನಿಯಾ ಅನ್ನುತ್ತಾರೆ. ಪೂರ್ತಿ ನಿಂತಿದ್ದು, ಅರೆಬರೆ ಕಟ್ಟಿದ್ದು ಎರಡನ್ನೂ ಸೇರಿಸಿ ಎಣಿಸುತ್ತಾರೆ: ಗಂಟೆಗೆ 5 ಸಲದಿಂದ ಸ್ಲೀಪ್ ಆಪ್ನಿಯಾ ಕಾಯಿಲೆ ಶುರು, 15ರಿಂದ ಮಧ್ಯಮ, 30ರಿಂದ ತೀವ್ರ.

ಪ್ರತಿ ಸಲವೂ ರಕ್ತದ ಆಮ್ಲಜನಕ ಇಳಿದು ಮತ್ತೆ ಏರುತ್ತದೆ. ಈ ಏರಿಳಿತವೇ ಒಳಗೆ ಉರಿಯೂತ ಎಬ್ಬಿಸುವುದು. ಹಾಗಾಗಿ ಸಿಆರ್‌ಪಿ, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಆಲ್ಫಾ ಅನ್ನುವ ಉರಿಯೂತದ ಗುರುತುಗಳೆಲ್ಲ ಹಲವರ ರಕ್ತದಲ್ಲಿ ಜಾಸ್ತಿ ಇರುತ್ತವೆ, ಮೂತ್ರದಲ್ಲಿ ಒತ್ತಡದ ಹಾರ್ಮೋನ್ ನಾರ್‌ಅಡ್ರಿನಲಿನ್ ಕೂಡ. ಸರಿ, ಗುರುತು ಸಿಕ್ಕಿತಲ್ವಾ? ಸಿಕ್ಕಿತು, ಆದರೆ ಸಿಆರ್‌ಪಿ ಹೊಟ್ಟೆಯ ಬೊಜ್ಜಿಗೂ ಏರುತ್ತದೆ, ವಸಡಿನ ಕೀವಿಗೂ ಏರುತ್ತದೆ, ಹೋದ ವಾರದ ಜ್ವರಕ್ಕೂ ಏರುತ್ತದೆ. ಹೊಗೆ ಕಾಣುತ್ತದೆ, ಯಾರ ಮನೆ ಒಲೆಯದು ಅಂತ ಗೊತ್ತಾಗುವುದಿಲ್ಲ.

ನನಗೆ ತುಂಬಾ ಹಿಡಿಸಿದ ಗುರುತು ಬೇರೆಯೇ ಇದೆ. ರಾತ್ರಿ ಮೂರು ಮೂರು ಸಲ ಬಾತ್‌ರೂಮಿಗೆ ಏಳುವವರು ಶುಗರ್ ನೋಡಿಸುತ್ತಾರೆ, ಪ್ರಾಸ್ಟೇಟ್ ನೋಡಿಸುತ್ತಾರೆ. ನೋಡಿಸಲೇಬೇಕು. ಆದರೆ ಮುಚ್ಚಿದ ಗಂಟಲಿನ ವಿರುದ್ಧ ಎದೆ ಉಸಿರೆಳೆಯುವಾಗ ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ, ನೀರು ಜಾಸ್ತಿಯಾಗಿದೆ ಅಂದುಕೊಂಡು ಎಎನ್‌ಪಿ ಅನ್ನುವ ಹಾರ್ಮೋನ್ ಬಿಡುತ್ತದೆ, ಕಿಡ್ನಿ ಅದರ ಮಾತು ಕೇಳಿ ಮೂತ್ರ ಜಾಸ್ತಿ ಮಾಡುತ್ತದೆ. ಪಾಪ, ಹೃದಯ ಮೋಸ ಹೋಗಿರುತ್ತದೆ.

ಮೂರು ಮಾತ್ರೆಗೂ ಬಗ್ಗದ ಬಿಪಿ, ತಾಳ ತಪ್ಪುವ ಎದೆಬಡಿತ, ಪಾರ್ಶ್ವವಾಯು, ಶುಗರ್ ಇವೆಲ್ಲ ಈ ಕಾಯಿಲೆಯ ಜೊತೆ ಕಾಣುವಂಥವು. ರಾತ್ರಿಯ ನಿದ್ದೆ ಕೆಟ್ಟು ಹಗಲು ತೂಕಡಿಕೆ ಬೇರೆ; ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸ್ಟಿಯರಿಂಗ್ ಮೇಲೆ ತಲೆ ವಾಲಿಸುವವರನ್ನು ನೋಡಿದರೆ ನನಗಂತೂ ಭಯ.

ಪತ್ತೆಗೆ ರಾತ್ರಿಯ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರು, ಆಮ್ಲಜನಕ ಅಳೆಯುವ ಪರೀಕ್ಷೆಯೇ ಬೇಕು. ಚಿಕಿತ್ಸೆಗೆ ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರ ಇದೆ. ಅದನ್ನು 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ತಂಡ ಜಗತ್ತಿಗೆ ತಿಳಿಸಿತು. ಹಾಗಂತ ಅದು ಮಂತ್ರದಂಡವೂ ಅಲ್ಲ. ಆಗಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ತೊಂದರೆ ಇದ್ದವರ ಮೇಲೆ ನಡೆದ 2016ರ ಸೇವ್ ಅನ್ನುವ ಸಿಪ್ಯಾಪ್ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಹಗಲಿನ ತೂಕಡಿಕೆಯೇನೋ ಇಳಿಯಿತು. ಅವರು ಮಾಸ್ಕ್ ಹಾಕಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಅಷ್ಟೇ ಅನ್ನುವುದೂ ನೆನಪಿರಲಿ.

ಈಗ ಪ್ರಶ್ನೆ ಕೇಳಿ. ಗೊರಕೆ ಹೊಡೆಯುವವರು ಆಮೇಲೆ, ಪಕ್ಕದಲ್ಲಿ ಮಲಗುವವರು ಮೊದಲು.