ಕೂಡಿ ರೇಟ್ ಏರಿಸಿದವರಿಗೆ ಬರೀ ದಂಡ ಸಾಕಾ?

ನಮಸ್ಕಾರ. 1900ರ ನ್ಯೂಯಾರ್ಕ್ ಕಥೆಯಿಂದ ಶುರು ಮಾಡ್ತೀನಿ. ಮನೆಗಳಲ್ಲಿ ಇನ್ನೂ ಫ್ರಿಡ್ಜ್ ಬಂದಿರಲಿಲ್ಲ. ಬೇಸಿಗೆಯಲ್ಲಿ ಮಕ್ಕಳ ಹಾಲು ಕೆಡಬಾರದು ಅಂದ್ರೆ ಐಸ್ ಗಾಡಿಯೇ ಗತಿ. ಅಮೆರಿಕನ್ ಐಸ್ ಕಂಪನಿ ಎದುರಾಳಿಗಳನ್ನೆಲ್ಲ ನುಂಗಿ, ನೂರು ಪೌಂಡಿಗೆ 30 ಸೆಂಟ್ ಇದ್ದ ರೇಟನ್ನು ಏಕಾಏಕಿ 60 ಮಾಡಿತು. 5 ಸೆಂಟಿನ ತುಂಡು ಇನ್ನು ಕೊಡಲ್ಲ ಅಂತಲೂ ಹೇಳಿತು. ಬಡವರು ಕೊಳ್ಳುತ್ತಿದ್ದದ್ದೇ ಆ ತುಂಡನ್ನು! ಮೇಯರ್ ರಾಬರ್ಟ್ ವ್ಯಾನ್ ವಿಕ್ ಹತ್ತಿರವೇ ಆ ಕಂಪನಿಯ ಷೇರುಗಳಿದ್ದದ್ದು ಆಮೇಲೆ ಬಯಲಾಯಿತು.

ಕಾನೂನು ಇರಲಿಲ್ವಾ? ಇತ್ತು. ವ್ಯಾಪಾರಿಗಳು ಕೂಡಿಕೊಂಡು ಪೈಪೋಟಿ ಮುರಿಯೋದನ್ನು ತಡೆಯುವ ನ್ಯೂಯಾರ್ಕ್ ರಾಜ್ಯದ ಡಾನೆಲಿ ಕಾಯ್ದೆ 1899ರಲ್ಲೇ ಬಂದಿತ್ತು. ಅದರಡಿ ಈ ಕಂಪನಿ ತಪ್ಪಿತಸ್ಥ ಅಂತಾಗಿದ್ದು 1909ರಲ್ಲಿ. ದಂಡ 5,000 ಡಾಲರ್. ಒಬ್ಬರೂ ಜೈಲಿಗೆ ಹೋಗಲಿಲ್ಲ.

ಇವತ್ತು ಅದೇ ಕಾಯ್ದೆಯಲ್ಲಿ ತಪ್ಪು ಮಾಡಿದ ವ್ಯಕ್ತಿಗೆ 4 ವರ್ಷದ ತನಕ ಜೈಲು ಇದೆ. ಕ್ಯಾಲಿಫೋರ್ನಿಯಾದ ಇಂಥದೇ ಕಾಯ್ದೆಯಲ್ಲಿ 3 ವರ್ಷದ ತನಕ. ಅಲ್ಲಿ 2026ರ ಜನವರಿಯಿಂದ ಕಂಪನಿಗೆ ಹಾಕಬಹುದಾದ ಗರಿಷ್ಠ ಕ್ರಿಮಿನಲ್ ದಂಡ 10 ಲಕ್ಷದಿಂದ 60 ಲಕ್ಷ ಡಾಲರಿಗೆ ಏರಿದೆ. ಒಳ್ಳೆಯದೇ. ಆದರೆ ನನಗೆ ಮುಖ್ಯ ಅನಿಸೋದು ಜೈಲು.

ಯಾಕಂದ್ರೆ ದಂಡ ಕಟ್ಟೋದು ಕಂಪನಿ. ಆ ದುಡ್ಡು ಬರೋದು ಮತ್ತೆ ಗಿರಾಕಿಯಿಂದಲೇ. ಎದುರಾಳಿ ಕಂಪನಿಗೆ ಫೋನ್ ಮಾಡಿ ರೇಟ್ ಕುದುರಿಸಿಕೊಂಡ ಮ್ಯಾನೇಜರ್ ಮಾತ್ರ ಆರಾಮಾಗಿ ಮನೆಗೆ ಹೋಗ್ತಾನೆ. ಅವನ ಬದಲು ಕಂಪನಿ ಜೈಲಲ್ಲಿ ಕೂರೋಕಾಗಲ್ಲ, ಅಲ್ವಾ?

ಅಮೆರಿಕದ ಕೇಂದ್ರ ಸರ್ಕಾರದ ಇಂಥದೇ ಶೆರ್ಮನ್ ಕಾಯ್ದೆಯಲ್ಲಿ 10 ವರ್ಷದ ತನಕ ಜೈಲು ಇರುವಾಗ ರಾಜ್ಯದ್ದು ಯಾಕೆ ಅಂತ ಕೇಳಬಹುದು. ಊರಿನ ಶಾಲೆಗೆ ಹಾಲು, ಊರಿನ ರಸ್ತೆಗೆ ಡಾಂಬರು. ಇಂಥ ಸಣ್ಣ ಟೆಂಡರ್‌ಗಳಲ್ಲಿ ನಡೆಯೋ ಒಳಒಪ್ಪಂದ ವಾಷಿಂಗ್ಟನ್ ಕಣ್ಣಿಗೆ ಬೀಳೋದು ಕಷ್ಟ. ಪಕ್ಕದಲ್ಲೇ ಇರೋ ಪ್ರಾಸಿಕ್ಯೂಟರ್‌ಗೆ ಬೀಳುತ್ತೆ.

ಇನ್ನು ನಮ್ಮ ಕಡೆ ನೋಡಿ. 2002ರ ಸ್ಪರ್ಧಾ ಕಾಯ್ದೆಯಲ್ಲಿ ಕೂಡಿ ರೇಟ್ ಏರಿಸಿದ್ದಕ್ಕೆ ಜೈಲಿಲ್ಲ. ಆ ಕಾಯ್ದೆ ಜಾರಿ ಮಾಡುವ ಸ್ಪರ್ಧಾ ಆಯೋಗದ ಆದೇಶ ಪಾಲಿಸದಿದ್ದರೆ ಮಾತ್ರ ಉಂಟು. 2012ರಲ್ಲಿ ಸಿಮೆಂಟ್ ಕಂಪನಿಗಳಿಗೆ 6,000 ಕೋಟಿ ರೂಪಾಯಿಗೂ ಜಾಸ್ತಿ ದಂಡ ಬಿತ್ತು. ಆಮೇಲೆ ಮೇಲ್ಮನವಿ, ಮರುವಿಚಾರಣೆ, ಮತ್ತೆ ಮೇಲ್ಮನವಿ. ಅಷ್ಟರಲ್ಲಿ ಎಷ್ಟು ಜನ ಸಾಲ ಮಾಡಿ ಮನೆ ಕಟ್ಟಿ ಮುಗಿಸಿದರು!

ಎಲ್ಲಾ ವ್ಯಾಪಾರಿಗಳನ್ನೂ ಜೈಲಿಗೆ ಹಾಕಿ ಅಂತಿಲ್ಲ. ಕಂಪನಿಗಳ ವಿಲೀನ, ಡಿಸ್ಕೌಂಟ್ ಜಗಳ, ಇವಕ್ಕೆಲ್ಲ ದಂಡವೇ ಸಾಕು. ಆದರೆ ಕದ್ದುಮುಚ್ಚಿ ರೇಟ್ ಏರಿಸೋದು, ಟೆಂಡರ್ ಹಂಚಿಕೊಳ್ಳೋದು ಕಳ್ಳತನವೇ. ಸಂಸತ್ತು ಸ್ಪರ್ಧಾ ಕಾಯ್ದೆ ತಿದ್ದಿ ಇವೆರಡಕ್ಕೆ ಜೈಲು ತರಲಿ. ಸರ್ಕಾರಿ ಟೆಂಡರ್‌ಗಳಿಂದಲೇ ಶುರುವಾಗಲಿ.