ಏಳನೇ ಓರ್ಕ್‌ನ ಹೆಸರೇನು?

ಎಲ್ಲರಿಗೂ ನಮಸ್ಕಾರ. ನನಗೆ ಸಿಕ್ಕಿರುವುದು 20 ನಿಮಿಷ. ಮೂರು ಮಾತು ಹೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ಮೂರನೆಯದನ್ನು ಮುಟ್ಟುತ್ತೇನೆ ಅನ್ನುವ ನಂಬಿಕೆ ನನಗೇ ಇಲ್ಲ.

ನನಗಿಂತ ಮುಂಚೆ ಮಾತಾಡಿದವರು, ಕಲ್ಪಿತ ಲೋಕದ ಕಥೆಗಳಲ್ಲಿ ಒಂದು ನೆಮ್ಮದಿ ಇದೆ ಅಂದರು. ಅಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಅಂತ ಮುಖ ನೋಡಿದರೇ ತಿಳಿಯುತ್ತದಂತೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ, ಅವರ ಪಕ್ಕದಲ್ಲೇ ಕೂತಿದ್ದೆನಲ್ಲ! ಆದರೆ ನನ್ನ ಜಗಳ ಇರುವುದೇ ಆ ನೆಮ್ಮದಿಯ ಜೊತೆ.

ಯಾಕೆ ಅಂತ ಹೇಳುವುದಕ್ಕೆ ಒಂದು ಆಟದ ಕಥೆ ಹೇಳಬೇಕು. ಕೆಲವರು ಇದನ್ನು ಮುಂಚೆಯೇ ಕೇಳಿದ್ದೀರಿ, ಸಹಿಸಿಕೊಳ್ಳಿ. ನಾವು ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೆವು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ಕಥೆ ನಡೆಸುವವನು ನಾನು. ಒಂದು ಗುಹೆ, ಅದರ ಬಾಯಲ್ಲಿ ಕಾವಲಿಗೆ ಏಳು ಓರ್ಕ್‌ಗಳು, ಅಂದರೆ ಇಂಥ ಕಥೆಗಳಲ್ಲಿ ಬರುವ ರಾಕ್ಷಸರಂಥ ಜೀವಿಗಳು. ನನ್ನ ಪುಸ್ತಕದಲ್ಲಿ ಅವುಗಳ ಹೆಸರು ಓರ್ಕ್ 1, ಓರ್ಕ್ 2, ಹಾಗೇ 7ರವರೆಗೆ. ಆರು ಸತ್ತವು. ಏಳನೆಯದು ಕತ್ತಿ ಕೆಳಗಿಟ್ಟು ಕೈ ಎತ್ತಿತು. ಯಾಕೆ ಎತ್ತಿಸಿದೆನೋ, ಸುಮ್ನೆ ಬೇಸರಕ್ಕೆ ಇರಬೇಕು. ಆಗ ನಮ್ಮಲ್ಲಿ ಪಲಾಡಿನ್, ಅಂದರೆ ಧರ್ಮಯೋಧ, ಆಗಿ ಆಡುತ್ತಿದ್ದ ಗೆಳೆಯ ಅದನ್ನು ಕೇಳಿದ, "ನಿನ್ನ ಹೆಸರೇನು?"

ನನ್ನ ಹತ್ತಿರ ಹೆಸರಿರಲಿಲ್ಲ. ಅದಕ್ಕೆ ಎಷ್ಟು ಪೆಟ್ಟು ತಡೆಯುವ ಶಕ್ತಿ ಇದೆ ಅಂತ ಗೊತ್ತಿತ್ತು. ಎಷ್ಟು ನಾಣ್ಯ ಇದೆ ಅಂತಲೂ ಗೊತ್ತಿತ್ತು. ಬಾಯಿಗೆ ಬಂದದ್ದು ಹೇಳಿದೆ: "ಗುಬ್ಬ." ಅಲ್ಲಿಗೆ ಆ ದಿನದ ಆಟ ಕೆಟ್ಟಿತು. ಮುಂದೆ ಎರಡು ಗಂಟೆ ಯಾರೂ ದಾಳ ಉರುಳಿಸಲಿಲ್ಲ. ಗುಬ್ಬನನ್ನು ಕೊಲ್ಲಬಹುದೇ, ಕಟ್ಟಿಹಾಕಬೇಕೇ, ಬಿಟ್ಟರೆ ಮತ್ತೆ ಯಾರನ್ನಾದರೂ ಕೊಲ್ಲುತ್ತಾನೆಯೇ, ಇದೇ ಚರ್ಚೆ. ಗಮನಿಸಿ, ಅಷ್ಟರಲ್ಲಿ "ಅದು" ಹೋಗಿ "ಅವನು" ಆಗಿತ್ತು. ಒಬ್ಬಳು ಕೊನೆಗೆ ಪುಸ್ತಕ ತೆಗೆದು ತೋರಿಸಿದಳು: "ನೋಡಿ, ಓರ್ಕ್ ಅಂದರೆ ಕೆಡುಕು ಅಂತಲೇ ಬರೆದಿದೆ."

ಬರೆದಿದೆ, ನಿಜ. ಆ ಆಟದಲ್ಲಿ ಪ್ರತಿ ಜೀವಿಗೂ ಅಲೈನ್‌ಮೆಂಟ್ ಅಂತ ಸ್ವಭಾವ ಹೇಳುವ ಒಂದು ಚೀಟಿ ಅಂಟಿಸುತ್ತಾರೆ. 1974ರಲ್ಲಿ ಆಟ ಶುರುವಾದಾಗ ಇದ್ದದ್ದು ಮೂರೇ: ಕಟ್ಟುಪಾಡು, ನಡುದಾರಿ, ಗೊಂದಲ. ಆಮೇಲೆ ಒಳಿತು-ಕೆಡುಕಿನ ಸಾಲೂ ಸೇರಿತು. 1978ರ ಆಟಗಾರರ ಕೈಪಿಡಿಯ ಹೊತ್ತಿಗೆ ಒಂಬತ್ತು ಮನೆಗಳ ಚೌಕ ಸಿದ್ಧವಾಗಿತ್ತು. ಹಳೆಯ ಆವೃತ್ತಿಗಳಲ್ಲಿ ಕೆಡುಕನ್ನು ಪತ್ತೆ ಹಚ್ಚುವ ಮಂತ್ರವೂ ಇತ್ತು. ಹಾಕಿದರೆ ಸಾಕು, ಎದುರಿಗಿರುವವನು ಕೆಟ್ಟವನೋ ಅಲ್ಲವೋ ತಿಳಿಯಿತು. ಸಾಕ್ಷಿ ಬೇಡ, ವಿಚಾರಣೆ ಬೇಡ. ತಮಾಷೆ ಏನು ಗೊತ್ತೇ? 1977ರ ಆಟದ ಪುಸ್ತಕದಲ್ಲಿ ಓರ್ಕ್‌ಗಳು ಕಟ್ಟುಪಾಡಿನ ಕೆಟ್ಟವರು. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಅವರೇ ಗೊಂದಲದ ಕೆಟ್ಟವರಾದರು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಆವೃತ್ತಿ ಬದಲಾದರೆ ಹೋಗುತ್ತದೆ!

ನನ್ನ ವಾದ ಇಷ್ಟೇ. ಚೇಳು ಕುಟುಕುತ್ತದೆ. ನೋಯುತ್ತದೆ, ಓಡುತ್ತೇವೆ, ಹೊಡೆಯುತ್ತೇವೆ. ಆದರೆ "ಎಂಥ ನೀಚ ಚೇಳು" ಅಂತ ಯಾರೂ ಬೈಯುವುದಿಲ್ಲ. ಅದಕ್ಕೆ ಕುಟುಕದೇ ಇರುವ ದಾರಿ ಇಲ್ಲ. ಒಂದು ಕುಲ ಹುಟ್ಟಿನಿಂದಲೇ ಕೆಟ್ಟದ್ದು ಅಂತ ನೀವು ಬರೆದರೆ, ನಿಮ್ಮ ಲೋಕದಲ್ಲಿ ಚೇಳಿದೆ. ಕೆಡುಕು ಇನ್ನೂ ಬಂದಿಲ್ಲ.

ಇದು ನನಗೊಬ್ಬನಿಗೇ ಹೊಳೆದದ್ದಲ್ಲ. ಓರ್ಕ್‌ಗಳನ್ನು ನಮಗೆಲ್ಲ ಪರಿಚಯಿಸಿದ, 'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ಅವರನ್ನೇ ಇದು ಕಾಡಿತು. ಅವರ ಲೋಕದ ನಂಬಿಕೆ ಏನು? ಮೊದಲಿಗೆ ಯಾವುದೂ ಕೆಟ್ಟದ್ದಲ್ಲ, ಕಥೆಯ ದೊಡ್ಡ ಖಳ ಸೌರಾನ್ ಕೂಡ. ಕತ್ತಲ ಶಕ್ತಿ ಹೊಸದಾಗಿ ಏನನ್ನೂ ಹುಟ್ಟಿಸಲಾರದು, ಇದ್ದದ್ದನ್ನು ಕೆಡಿಸಬಲ್ಲದು ಅಷ್ಟೇ. ಸರಿ, ಹಾಗಾದರೆ ಓರ್ಕ್‌ಗಳು ಎಲ್ಲಿಂದ ಬಂದವು? 1977ರಲ್ಲಿ, ಅವರು ತೀರಿಕೊಂಡ ಮೇಲೆ ಬಂದ ಪುಸ್ತಕದಲ್ಲಿ, ಎಲ್ಫ್ ಅನ್ನುವ ಸಾವಿಲ್ಲದ ಕುಲದವರನ್ನು ಸೆರೆ ಹಿಡಿದು ಕೆಡಿಸಿದ್ದೇ ಓರ್ಕ್‌ಗಳು ಅಂತ ಇದೆ. ಆದರೆ ಅವರ ಟಿಪ್ಪಣಿಗಳಲ್ಲಿ ಒಮ್ಮೆ ಮನುಷ್ಯರು, ಒಮ್ಮೆ ಮೃಗಗಳು. ಕೊನೆಯವರೆಗೂ ಉತ್ತರ ಒಂದೇ ಕಡೆ ನಿಲ್ಲಲಿಲ್ಲ. ಆ ಒದ್ದಾಟಕ್ಕಾಗಿಯೇ ನನಗೆ ಅವರ ಮೇಲೆ ಗೌರವ ಜಾಸ್ತಿ.

ಅವರ ಇಬ್ಬರು ಓರ್ಕ್ ನಾಯಕರು ನಿಮಗೆ ನೆನಪಿರಬೇಕು, ಶಾಗ್ರಾಟ್ ಮತ್ತು ಗೋರ್‌ಬಾಗ್. ಇಬ್ಬರಿಗೂ ಹೆಸರಿದೆ ನೋಡಿ! ಯುದ್ಧ ಮುಗಿದ ಮೇಲೆ ದೊಡ್ಡ ಸಾಹೇಬರ ಕಾಟ ಇಲ್ಲದ ಕಡೆ, ನಂಬಿಕಸ್ತ ಹುಡುಗರ ಜೊತೆ ಹೋಗಿ ಇರಬೇಕು ಅಂತ ಆಸೆ ಪಡುತ್ತಾರೆ. ಅವರ ಎದುರು ಕಥಾನಾಯಕ ಫ್ರೋಡೋ ಬಿದ್ದಿದ್ದಾನೆ, ಜೊತೆಗಾರ ಇಲ್ಲ. ಅದನ್ನು ಕಂಡು ಗೋರ್‌ಬಾಗ್‌ಗೆ ಅಸಹ್ಯ. ಜೊತೆಗಾರನನ್ನು ಹೀಗೆ ಬಿಟ್ಟು ಹೋಗುವುದು ಎಲ್ಫ್‌ಗಳ ಬುದ್ಧಿ ಅನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಶಾಗ್ರಾಟ್ ಇನ್ನೊಂದು ಕಥೆ ಹೇಳುತ್ತಾನೆ. ಅವರದೇ ಪೈಕಿ ಒಬ್ಬ ಜೇಡದ ಬಲೆಯಲ್ಲಿ ಎಚ್ಚರವಾಗಿಯೇ ನೇತಾಡುತ್ತಿದ್ದನಂತೆ. ಇವರು ನೋಡಿ ನಕ್ಕು, ಅವನನ್ನು ಅಲ್ಲೇ ಬಿಟ್ಟು ಬಂದರಂತೆ.

ಜೊತೆಗಾರನನ್ನು ಬಿಟ್ಟು ಹೋಗಬಾರದು ಅನ್ನುವುದು ಓರ್ಕ್‌ಗೆ ಗೊತ್ತು. ಚೇಳಿಗೆ ಗೊತ್ತಿಲ್ಲ. ಗೊತ್ತಿದ್ದೂ ಆ ಅಳತೆಗೋಲನ್ನು ಶತ್ರುವಿಗೆ ಮಾತ್ರ ಹಿಡಿಯುತ್ತಾನೆ. ನನ್ನ ಲೆಕ್ಕದಲ್ಲಿ ಕೆಡುಕು ಶುರುವಾಗುವುದು ಅಲ್ಲಿಂದ. ಮತ್ತೆ ಅದೇ ಹೇಳುತ್ತಿದ್ದೇನೆ ಅಂತ ನಗಬೇಡಿ. ಹೌದು, ಅದೇ ಹೇಳುತ್ತಿದ್ದೇನೆ.

ಅಯ್ಯೋ, ಚೀಟಿ ಬಂತು. ಐದು ನಿಮಿಷವಂತೆ. ಎರಡನೆಯ ಮಾತು ಸಮತೋಲದ ಬಗ್ಗೆ ಇತ್ತು. ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಲೋಕದಲ್ಲಿ ಪ್ರಶ್ನೆ ಒಳಿತು ಗೆಲ್ಲುತ್ತದೆಯೇ ಅನ್ನುವುದಲ್ಲ. ತಕ್ಕಡಿ ತಪ್ಪಿಸಿದವರು ಯಾರು ಅನ್ನುವುದು. 1968ರ ಮೊದಲ ಪುಸ್ತಕದಲ್ಲಿ ಗೆಡ್ ಅನ್ನುವ ಮಾಂತ್ರಿಕ ಅಹಂಕಾರದಿಂದ ಒಂದು ನೆರಳನ್ನು ಬಿಟ್ಟುಬಿಡುತ್ತಾನೆ. ಕೊನೆಗೆ ಸಮುದ್ರದಾಚೆ ಅದನ್ನು ಎದುರಿಸಿ, ತನ್ನದೇ ಹೆಸರು ಹಿಡಿದು ಕರೆಯುತ್ತಾನೆ. ಇದರ ಮೇಲೇ ಒಂದು ಗಂಟೆ ಮಾತಾಡಬಹುದು. ಇರಲಿ. ಮೂರನೆಯದು ದೇವರುಗಳ ಬಗ್ಗೆ, ಅದನ್ನು ಬಿಟ್ಟೆ. ನಿಮ್ಮಲ್ಲಿ ತುಂಬ ಜನ ಸ್ವಂತ ಲೋಕ ಕಟ್ಟುತ್ತಿದ್ದೀರಿ, ಹಸ್ತಪ್ರತಿ ನನಗೂ ಕಳಿಸುತ್ತೀರಿ. ದಯವಿಟ್ಟು ನಿಮ್ಮ ಶತ್ರು ಸೈನ್ಯದಲ್ಲಿ ಏಳನೆಯವನ ಹೆಸರೇನು ಅಂತ ಬರೆದಿಟ್ಟುಕೊಂಡು ಕಳಿಸಿ. ನಾನು ಕೇಳುತ್ತೇನೆ.

ಏನು? ಗುಬ್ಬ ಏನಾದ ಅಂತಲೇ? ಅವನನ್ನು ಕೊಲ್ಲಲಿಲ್ಲ. ಅಡುಗೆಗೆ ಇಟ್ಟುಕೊಂಡೆವು. ಮೂರನೇ ರಾತ್ರಿ ನಮ್ಮ ಹಗ್ಗ, ಪಾತ್ರೆ ಎರಡನ್ನೂ ಎತ್ತಿಕೊಂಡು ಓಡಿಹೋದ. ನಾನು ಓಡಿಸಲಿಲ್ಲ, ದಾಳ ಹಾಗೆ ಬಿತ್ತು. ಪಲಾಡಿನ್ ಮಾತ್ರ ಇವತ್ತಿಗೂ ಹೇಳುತ್ತಾನೆ, ಪಾತ್ರೆಯನ್ನಾದರೂ ವಾಪಸ್ ತಂದುಕೊಡುತ್ತಾನೆ ಅಂತ.