ಸೊಂಟದ ಮಟ್ಟದ ನೀರಿನಲ್ಲಿ

ಕೇಳುಗರಿಗೆ ನಮಸ್ಕಾರ.

ಮನೆಯೆತ್ತರದ ಅಲೆ, ಅದರ ಮೈಮೇಲೆ ಹಲಗೆ ಹಿಡಿದು ಜಾರುವ ಪುಟ್ಟ ಮನುಷ್ಯ. ಟಿವಿಯಲ್ಲಿ ನೋಡಿರುತ್ತೀರಿ. ಇದು ನಮ್ಮ ಕೈಲಾಗುವ ಕೆಲಸವಲ್ಲ ಅಂತ ಅನಿಸಿರಲೂಬಹುದು. ಆದರೆ ಸರ್ಫಿಂಗ್ ಕಲಿಯುವುದು ಆ ಅಲೆಯಲ್ಲಲ್ಲ. ಸೊಂಟದ ಮಟ್ಟದ ನೀರಿನಲ್ಲಿ, ಒಡೆದು ಮುಗಿದ ಅಲೆಯ ಬಿಳಿ ನೊರೆಯಲ್ಲಿ. ಇವತ್ತು ಆ ನೊರೆಯ ಬಗ್ಗೆಯೇ ಮಾತಾಡುತ್ತೇನೆ.

ದೂರದ ಕಡಲಲ್ಲಿ ಗಾಳಿ ಎಬ್ಬಿಸಿದ ಅಲೆ ದಡದ ಹತ್ತಿರ ಬಂದಾಗ ಅದರ ಬುಡಕ್ಕೆ ನೆಲ ತಾಗುತ್ತದೆ. ಬುಡ ನಿಧಾನವಾಗುತ್ತದೆ, ತಲೆ ಮುಂದೆ ಓಡುತ್ತದೆ, ಕೊನೆಗೆ ಮುಗ್ಗರಿಸುತ್ತದೆ. ನೆಲ ಕಡಿದಾಗಿದ್ದರೆ ಅಲೆ ದಪ್ಪನೆ ಮಗುಚಿ ಬೀಳುತ್ತದೆ. ನೆಲ ಮೆಲ್ಲಗೆ ಇಳಿಯುವ ಕಡೆ ಹಾಗಲ್ಲ. ಅಲೆಯ ನೆತ್ತಿಯಿಂದ ನೊರೆ ಸುರಿಯುತ್ತಾ, ದಡದ ತನಕ ಉದ್ದಕ್ಕೆ ಉರುಳಿ ಬರುತ್ತದೆ. ಹೊಸಬರಿಗೆ ಬೇಕಾದ್ದು ಅಂಥ ಕಡಲು. ಕೆಳಗೆ ಬಂಡೆ ಬೇಡ, ಮರಳಿರಲಿ. ಉಷ್ಣವಲಯದ ನೀರಾದರೆ ಇನ್ನೂ ಒಳ್ಳೆಯದು. ಬೆಚ್ಚಗಿರುತ್ತದೆ, ಗಂಟೆ ಕಳೆದರೂ ನಡುಕ ಹುಟ್ಟುವುದಿಲ್ಲ. ಬಿಸಿಲಿಗೆ ಮಾತ್ರ ತುಂಬುತೋಳಿನ ಅಂಗಿ ಬೇಕೇ ಬೇಕು.

ಹವಾಯಿ ದ್ವೀಪಗಳ ವೈಕಿಕಿ ಕಡಲತೀರ ಹೆಸರು ಮಾಡಿರುವುದು ಇಂಥ ಉದ್ದನೆಯ, ಸಾವಕಾಶದ ಅಲೆಗಳಿಗೇ. ಡ್ಯೂಕ್ ಕಹನಮೋಕು ಅಲ್ಲೇ ಅಲೆಗಳ ಜೊತೆ ಬೆಳೆದವರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ 100 ಮೀಟರ್ ಈಜಿನಲ್ಲಿ ಚಿನ್ನ ಗೆದ್ದು, ಮುಂದೆ ಹೋದ ಹೋದ ದೇಶಗಳಲ್ಲಿ ಸರ್ಫಿಂಗ್ ತೋರಿಸಿದರು. ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಜಾಗ ಸಿಕ್ಕಿದ್ದು ಮಾತ್ರ 2021ರಲ್ಲಿ, ಟೋಕಿಯೊ ಕೂಟದಲ್ಲಿ.

ಇನ್ನು ಹಲಗೆ. ಎಂಟೊಂಬತ್ತು ಅಡಿ ಉದ್ದದ, ಮೆತ್ತನೆ ಫೋಮ್ ಹೊದಿಕೆಯ ಬೋರ್ಡ್ ಕೇಳಿ ತಗೊಳ್ಳಿ. ಗಿಡ್ಡ ಬೋರ್ಡ್ ನೋಡೋಕೆ ಚೆಂದ, ಆದರೆ ಹೊಸಬರನ್ನು ಅದು ನಿಲ್ಲಿಸಿಕೊಳ್ಳುವುದಿಲ್ಲ. ಆಸೆಪಟ್ಟು ಗಿಡ್ಡದ್ದು ಹಿಡಿದು, ಎರಡೇ ದಿನಕ್ಕೆ ಸರ್ಫಿಂಗ್ ಬಿಟ್ಟವರನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಗಿದೆ.

ಈಗ ನೀರಿಗೆ ಇಳಿಯೋಣ. ಬೋರ್ಡಿನ ಹಗ್ಗ, ಅದರ ಮೇಲೆ ನಿಂತಾಗ ಹಿಂದೆ ಇರುವ ಕಾಲಿಗೆ ಕಟ್ಟಿರಲಿ. ಬೋರ್ಡನ್ನು ಯಾವತ್ತೂ ಅಲೆಗೂ ನಿಮಗೂ ನಡುವೆ ಇಟ್ಟುಕೊಳ್ಳಬೇಡಿ. ಅಲೆ ಅದನ್ನು ಎತ್ತಿ ನಿಮ್ಮ ಮುಖಕ್ಕೇ ಬಡಿಯುತ್ತದೆ. ಪಕ್ಕದಲ್ಲಿ ಹಿಡಿದು ನಡೆಯಿರಿ. ನೊರೆ ಬರುವುದು ಕಂಡಾಗ ದಡಕ್ಕೆ ಮುಖ ಮಾಡಿ ಬೋರ್ಡಿನ ಮೇಲೆ ಬೋರಲು ಮಲಗಿ. ತೀರಾ ಮುಂದೆ ಮಲಗಿದರೆ ಬೋರ್ಡಿನ ಮೂತಿ ನೀರಿಗೆ ಇಳಿಯುತ್ತದೆ, ತೀರಾ ಹಿಂದಾದರೆ ಬೋರ್ಡ್ ಹೊರಡುವುದೇ ಇಲ್ಲ. ನೊರೆ ಬಂದು ತಾಗಿದಾಗ ಹಿಂದಿನಿಂದ ಯಾರೋ ತಳ್ಳಿದ ಹಾಗಾಗುತ್ತದೆ. ಆಗಲೇ ಏಳಬೇಡಿ. ಇನ್ನೊಂದೆರಡು ಸಲ ಕೈಯಿಂದ ನೀರು ಎಳೆಯಿರಿ. ಬೋರ್ಡ್ ತಾನಾಗಿ ಓಡತೊಡಗಿದಾಗ ಅಂಗೈಗಳನ್ನು ಎದೆಯ ಪಕ್ಕ ಊರಿ, ಒಂದೇ ಏಟಿಗೆ ಎರಡೂ ಪಾದ ಎದೆಯ ಕೆಳಗೆ ತನ್ನಿ. ಮೊಣಕಾಲು ಬಾಗಿರಲಿ.

ಕಣ್ಣು ಎಲ್ಲಿರಬೇಕು? ನಾನು ಎರಡು ದಿನ ಬರೀ ಕಾಲು ನೋಡಿಕೊಂಡೇ ಬಿದ್ದೆ. ಕಣ್ಣು ಹೋದ ಕಡೆ ಮೈ ಹೋಗುತ್ತದೆ. ಮೂರನೇ ದಿನ ಕಲಿಸುವವರು ದಡದಲ್ಲಿ ನಿಂತು, ಕೈ ಮೇಲೆತ್ತಿ, "ನನ್ನ ಬೆರಳು ಎಷ್ಟು, ಎಣಿಸಿ" ಅಂತ ಕೂಗಿದರು. ತಲೆ ಎತ್ತಿದೆ. ಮೂರು ಬೆರಳು. ಎಣಿಸಿ ಮುಗಿಸುವಾಗ ನಾನು ನಿಂತಿದ್ದೆ.

ಒಂದು ಎಚ್ಚರಿಕೆ. ಅಲೆಗಳ ನಡುವೆ ಒಂದು ಕಡೆ ಮಾತ್ರ ನೊರೆ ಇಲ್ಲದೆ ನೀರು ಶಾಂತವಾಗಿ ಕಂಡರೆ ಅಲ್ಲಿಗೆ ಹೋಗಬೇಡಿ. ದಡಕ್ಕೆ ಬಂದ ನೀರು ಕಡಲಿಗೆ ಮರಳುವ ಸೆಳೆತ ಅದಾಗಿರಬಹುದು. ಸಿಕ್ಕಿಕೊಂಡರೆ ಅದರ ವಿರುದ್ಧ ಈಜಿ ಸುಸ್ತಾಗಬೇಡಿ. ಬೋರ್ಡ್ ತೇಲುತ್ತದೆ, ಅದನ್ನು ಬಿಡಬೇಡಿ. ಕೈ ಎತ್ತಿ ಸಹಾಯ ಕೇಳಿ, ದಡದ ಉದ್ದಕ್ಕೆ ಸಾಗಿ ಸೆಳೆತದಿಂದ ಹೊರಬನ್ನಿ.

ಬೀಳುವಾಗ ತಲೆ ಮುಂದಾಗಿ ಹಾರಬೇಡಿ, ನೀರು ಆಳವಿಲ್ಲ. ಕುಂಡೆ ಊರುವ ಹಾಗೆ ಹಿಂದಕ್ಕೋ ಪಕ್ಕಕ್ಕೋ ಬೀಳಿ, ಮೇಲೆ ಬರುವಾಗ ಕೈಯಿಂದ ತಲೆ ಮುಚ್ಚಿಕೊಳ್ಳಿ. ಎದ್ದು ಹಗ್ಗ ಎಳೆದರೆ ಬೋರ್ಡ್ ನಿಮ್ಮ ಹತ್ತಿರ ಬರುತ್ತದೆ. ಅದರ ಮೂತಿಯನ್ನು ಕಡಲ ಕಡೆ ತಿರುಗಿಸಿ. ಅಷ್ಟರಲ್ಲಿ ಮುಂದಿನ ನೊರೆ ಹೊರಟಿರುತ್ತದೆ.

ನಮಸ್ಕಾರ.